ನೆರಳುಗಳ ಲೆಕ್ಕ

1971ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಐದು ಪುಟಗಳ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಅವರ ಶಿಷ್ಯ ಎ.ವಿ. ಲಕ್ಷ್ಮೀನಾರಾಯಣನ್. ಒಂದು ವಸ್ತುವಿನ ಎಕ್ಸ್-ರೇ ನೆರಳುಗಳನ್ನು ಹಲವು ಕೋನಗಳಿಂದ ಹಿಡಿದು, ಆ ನೆರಳುಗಳಿಂದಲೇ ವಸ್ತುವಿನ ಒಳಗನ್ನು ಮರಳಿ ಕಟ್ಟುವುದು ಹೇಗೆ ಎಂಬ ಲೆಕ್ಕ ಅದರಲ್ಲಿತ್ತು. ಅದಾಗಿ ಕೆಲವೇ ವಾರಗಳಿಗೆ, ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ತಲೆಯನ್ನು ಹೊಸ ಯಂತ್ರವೊಂದರೊಳಗೆ ಇರಿಸಲಾಯಿತು. ಮಿದುಳಿನಲ್ಲಿ ಗಡ್ಡೆಯಿದೆಯೆಂಬ ಅನುಮಾನ ವೈದ್ಯರಿಗಿತ್ತು. ತಲೆಬುರುಡೆ ತೆರೆಯದೆಯೇ ಆ ಗಡ್ಡೆ ಚಿತ್ರದಲ್ಲಿ ಕಾಣಿಸಿತು. ಮನುಷ್ಯರ ಮೇಲೆ ನಡೆದ ಮೊದಲ ಸಿ.ಟಿ. ಸ್ಕ್ಯಾನ್ ಅದು.

ವಿಂಬಲ್ಡನ್ನಿನ ಯಂತ್ರದ ಸುದ್ದಿ ಹೊರಬಿದ್ದದ್ದು 1972ರಲ್ಲಿ. ಅಂದರೆ ಬೆಂಗಳೂರಿನಲ್ಲಿ ಲೆಕ್ಕ ಸಿದ್ಧವಾದಾಗ ಅಲ್ಲಿನವರಿಗೆ ಇಂಥ ಯಂತ್ರವೊಂದು ತಯಾರಾಗುತ್ತಿದೆಯೆಂದು ತಿಳಿಯುವ ದಾರಿಯೇ ಇರಲಿಲ್ಲ. ಇವತ್ತು ಶಸ್ತ್ರವೈದ್ಯರ ಮೇಜಿನ ಮೇಲೆ ರೋಗಿಯ ದವಡೆಯ ಪ್ರತಿರೂಪ ತ್ರೀಡಿ ಪ್ರಿಂಟರ್‌ನಿಂದ ಇಳಿದು ಬಂದು ಕೂತಿರುತ್ತದೆ. ಅದರ ಹಿಂದೆ ಒಂದು ಉದ್ದನೆಯ ಲೆಕ್ಕದ ಸರಪಳಿ ಇದೆ. ಆ ಸರಪಳಿಯ ಕೊಂಡಿಗಳನ್ನು ಬೆಸೆದವರಲ್ಲಿ ಹೆಚ್ಚಿನವರು ಬೇರೆಯದೇ ಕೆಲಸದಲ್ಲಿದ್ದವರು, ಹಲವರು ಒಬ್ಬರನ್ನೊಬ್ಬರು ಕೇಳಿಯೂ ಅರಿಯದವರು. ಯಂತ್ರಗಳ ಕಥೆಯನ್ನು ಬಹಳಷ್ಟು ಮಂದಿ ಹೇಳಿದ್ದಾರೆ. ಲೆಕ್ಕಗಳ ಕಥೆಗೆ ಅಷ್ಟು ಗಮನ ಸಿಕ್ಕಿಲ್ಲ, ಸಿಗಬೇಕಿತ್ತು.

ಒಂದೇ ನೆರಳು ವಸ್ತುವಿನ ಒಳಗನ್ನು ಹೇಳಲಾರದು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್-ರೇ ಎದೆಗೂಡನ್ನು ಹಾದು ಬಂದಾಗ ಪಕ್ಕೆಲುಬು, ಶ್ವಾಸಕೋಶ, ಹೃದಯ, ಬೆನ್ನುಮೂಳೆ ಎಲ್ಲವೂ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಫಿಲ್ಮಿನ ಒಂದು ಚುಕ್ಕೆ ಎಷ್ಟು ಮಸುಕಾಗಿದೆ ಎಂಬುದು ಆ ಕಿರಣ ಹಾದ ದಾರಿಯುದ್ದಕ್ಕೂ ಎಷ್ಟೆಷ್ಟು ತಡೆ ಸಿಕ್ಕಿತು ಎಂಬುದರ ಮೊತ್ತ ಮಾತ್ರ. ಮೊತ್ತ ಕೈಯಲ್ಲಿದೆ, ಕೂಡಿಸಿದ ಅಂಕಿಗಳು ಯಾವುವೆಂದು ಗೊತ್ತಿಲ್ಲ. ಆದರೆ ಎಲ್ಲ ದಿಕ್ಕುಗಳಿಂದಲೂ ಇಂಥ ಮೊತ್ತಗಳು ಸಿಕ್ಕರೆ?

ಸಿಕ್ಕರೆ ಅಂಕಿಗಳನ್ನು ಚ್ಯುತಿಯಿಲ್ಲದೆ ಮರಳಿ ಪಡೆಯಬಹುದು ಎಂದು 1917ರಲ್ಲೇ ತೋರಿಸಿಕೊಟ್ಟವರು ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡೋನ್. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಲೈಪ್‌ಜಿಗ್‌ನ ಒಂದು ಅಕಾಡೆಮಿಯ ವರದಿ ಸಂಪುಟದಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಆ ಪ್ರಬಂಧದಲ್ಲಿ ಎಕ್ಸ್-ರೇ ಇಲ್ಲ, ರೋಗಿಯಿಲ್ಲ, ಯಂತ್ರವಿಲ್ಲ. ರೇಖೆಗಳ ಮೇಲಿನ ಮೊತ್ತಗಳಿಂದ ಒಂದು ಫಲನವನ್ನು ಮರಳಿ ಪಡೆಯುವ ಶುದ್ಧ ಗಣಿತದ ಪ್ರಶ್ನೆ ಮತ್ತು ಅದಕ್ಕೆ ಸೂತ್ರರೂಪದ ಉತ್ತರ, ಅಷ್ಟೆ. ಅದು ಗ್ರಂಥಾಲಯದ ಕಪಾಟು ಸೇರಿತು. ರಾಡೋನ್ 1956ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ತೀರಿಕೊಂಡರು.

ಅದೇ 1956ರಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಆಲನ್ ಕಾರ್ಮ್ಯಾಕ್ ಎಂಬ ಯುವ ಭೌತವಿಜ್ಞಾನಿ ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಿಕೊಳ್ಳುತ್ತಿದ್ದರು. ಅವರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಗ್ರೂಟ್ ಸ್ಕೂರ್ ಆಸ್ಪತ್ರೆಯ ಭೌತವಿಜ್ಞಾನಿ ಕೆಲಸ ಬಿಟ್ಟಿದ್ದರು. ವಿಕಿರಣಶೀಲ ವಸ್ತುಗಳನ್ನು ಬಳಸುವಾಗ ಅರ್ಹರೊಬ್ಬರ ಮೇಲ್ವಿಚಾರಣೆ ಇರಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಹಾಗಾಗಿ ವಾರಕ್ಕೆ ಒಂದೂವರೆ ದಿನ ಕಾರ್ಮ್ಯಾಕ್ ಆಸ್ಪತ್ರೆಗೆ ಹೋಗತೊಡಗಿದರು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣದ ಪ್ರಮಾಣ ನಿಗದಿ ಮಾಡುವುದನ್ನು ಅಲ್ಲಿ ಹತ್ತಿರದಿಂದ ಕಂಡರು. ದೇಹದ ಒಳಗೆಲ್ಲ ಒಂದೇ ಬಗೆಯ ವಸ್ತು ತುಂಬಿದೆಯೇನೋ ಎಂಬಂತೆ ಲೆಕ್ಕ ಹಾಕುತ್ತಿದ್ದರು. ಮೂಳೆ ಬೇರೆ, ಮಾಂಸ ಬೇರೆ, ಗಾಳಿ ತುಂಬಿದ ಶ್ವಾಸಕೋಶ ಬೇರೆ. ಒಳಗಿನ ನಕ್ಷೆ ಮೊದಲು ಬೇಕು ಎಂದು ಅವರಿಗೆ ಅನ್ನಿಸಿತು.

ಅವರ ಮೊದಲ ಪ್ರಯೋಗ ತೀರ ಸರಳ. ನಡುವೆ ಅಲ್ಯೂಮಿನಿಯಂ ದಿಂಡು, ಸುತ್ತ ಮರದ ಉಂಗುರ. ಕೋಬಾಲ್ಟ್‌ನಿಂದ ಹೊಮ್ಮುವ ಗಾಮಾ ಕಿರಣ ಹಾಯಿಸಿ ಅಳೆದರು, ತಾವೇ ರೂಪಿಸಿದ ಸೂತ್ರದಿಂದ ಒಳಗಿನ ಅಂಕಿಗಳನ್ನು ಬಿಡಿಸಿದರು. ಕೇಂದ್ರದ ಹತ್ತಿರದ ಮೂರು ಬಿಂದುಗಳು ಮಾತ್ರ ಉಳಿದವಕ್ಕೆ ಹೊಂದಲಿಲ್ಲ. ದಿಂಡನ್ನು ಕಡೆದ ಕಾರ್ಯಾಗಾರದಲ್ಲಿ ವಿಚಾರಿಸಿದಾಗ ಅದರ ನಟ್ಟನಡುವೆ ಕಿರಣವನ್ನು ತುಸು ಕಡಿಮೆ ತಡೆಯುವ ಗೂಟವೊಂದಿದೆ ಎಂದು ಗೊತ್ತಾಯಿತು! ಕಣ್ಣಿಗೆ ಕಾಣದ್ದನ್ನು ಲೆಕ್ಕ ಕಂಡುಹಿಡಿದಿತ್ತು. ಈ ಶಾಸ್ತ್ರದ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಕ್ಷಣ ಇನ್ನೊಂದಿಲ್ಲ.

ಕಾರ್ಮ್ಯಾಕ್ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯಕ್ಕೆ ಹೋದರು. 1963 ಮತ್ತು 1964ರಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. ಯಾರೂ ಗಮನಿಸಲಿಲ್ಲ. ಪ್ರತಿ ಕೇಳಿ ಬಂದ ಪತ್ರಗಳಲ್ಲಿ ಅವರಿಗೆ ಕುತೂಹಲವೆನಿಸಿದ್ದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು: ಬೆಟ್ಟದ ಮೇಲೆ ಬಿದ್ದ ಹಿಮದ ಒಳಪದರಗಳನ್ನು ಅರಿಯುವ ಆಸೆ ಅಲ್ಲಿನವರಿಗೆ. ರಾಡೋನ್ ಎಂಬವರು ಇದನ್ನೆಲ್ಲ 1917ರಲ್ಲೇ ಮಾಡಿ ಮುಗಿಸಿದ್ದರು ಎಂಬ ಸಂಗತಿ ಕಾರ್ಮ್ಯಾಕ್ ಅವರಿಗೆ ತಿಳಿಯುವ ಹೊತ್ತಿಗೆ 1970ರ ದಶಕ ಬಂದಿತ್ತು.

ಇಷ್ಟರಲ್ಲಿ ಬೇರೆ ಬೇರೆ ಕ್ಷೇತ್ರಗಳಲ್ಲಿ ಇದೇ ಪ್ರಶ್ನೆ ತಲೆಯೆತ್ತುತ್ತಲೇ ಇತ್ತು. 1956ರಲ್ಲಿ ರೇಡಿಯೊ ಖಗೋಳವಿಜ್ಞಾನಿ ರೊನಾಲ್ಡ್ ಬ್ರೇಸ್‌ವೆಲ್ ಆಕಾಶದ ಪಟ್ಟಿ ಪಟ್ಟಿಯ ಅಳತೆಗಳಿಂದ ನಕ್ಷೆ ಕಟ್ಟುವ ಗಣಿತವನ್ನು ಬರೆದರು. 1968ರಲ್ಲಿ ಕೇಂಬ್ರಿಜ್‌ನ ಡೇವಿಡ್ ಡಿರೋಸಿಯರ್ ಮತ್ತು ಏರನ್ ಕ್ಲೂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಬ್ಯಾಕ್ಟೀರಿಯಾವನ್ನು ಸೋಂಕುವ ವೈರಸ್ ಒಂದರ ಬಾಲವನ್ನು ಮೂರು ಆಯಾಮಗಳಲ್ಲಿ ಕಟ್ಟಿದರು. ಕ್ಲೂಗ್ ಅವರಿಗೆ ಮುಂದೆ 1982ರಲ್ಲಿ ನೊಬೆಲ್ ಬಂತು. ಹಾಗೆಯೇ, ಸಾವಿರಾರು ಸಮೀಕರಣಗಳನ್ನು ಒಂದೊಂದಾಗಿ ತೃಪ್ತಿಪಡಿಸುತ್ತ ಉತ್ತರದ ಕಡೆಗೆ ಸರಿಯುವ ವಿಧಾನವೊಂದನ್ನು ಪೋಲೆಂಡಿನ ಸ್ಟೆಫಾನ್ ಕಾಚ್‌ಮಾರ್ಜ್ 1937ರಲ್ಲೇ ಮೂರು ಪುಟಗಳಲ್ಲಿ ಬರೆದಿಟ್ಟಿದ್ದರು. ಎರಡು ವರ್ಷದಲ್ಲಿ ಯುದ್ಧ ಅವರನ್ನು ನುಂಗಿತು. 1970ರಲ್ಲಿ ಗಾರ್ಡನ್, ಬೆಂಡರ್ ಮತ್ತು ಹರ್ಮನ್ ಅದೇ ವಿಧಾನವನ್ನು ಹೊಸದಾಗಿ ಕಂಡುಕೊಂಡರು.

ಇಂಗ್ಲೆಂಡಿನಲ್ಲಿ, ವಿಂಬಲ್ಡನ್ನಿನ ಆ ಯಂತ್ರ ಕಟ್ಟಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಹಿಡಿದದ್ದೂ ಸಮೀಕರಣಗಳ ದಾರಿಯನ್ನೇ. ಡಾಕ್ಟರೇಟ್ ಇಲ್ಲದ ಎಂಜಿನಿಯರ್ ಅವರು; ಬೀಟಲ್ಸ್ ತಂಡದ ರೆಕಾರ್ಡುಗಳನ್ನು ಮಾರುತ್ತಿದ್ದ ಇ.ಎಂ.ಐ. ಕಂಪನಿಯ ಪ್ರಯೋಗಾಲಯದಲ್ಲಿದ್ದರು. ಹಳೆಯ ಲೇಥ್ ಯಂತ್ರದ ಹಾಸಿನ ಮೇಲೆ ಅವರು ಕಟ್ಟಿದ ಮೊದಲ ಸಾಧನದಲ್ಲಿ ಗಾಮಾ ಕಿರಣದ ಮೂಲ ಎಷ್ಟು ದುರ್ಬಲವಾಗಿತ್ತೆಂದರೆ ಒಂದು ಚಿತ್ರಕ್ಕೆ ಬೇಕಾದ ಅಳತೆ ಮುಗಿಯಲು ಒಂಬತ್ತು ದಿನ ಹಿಡಿಯುತ್ತಿತ್ತು. ಆಮೇಲೆ ದೊಡ್ಡ ಕಂಪ್ಯೂಟರಿನಲ್ಲಿ ಎರಡೂವರೆ ಗಂಟೆಯ ಲೆಕ್ಕ. ಎಕ್ಸ್-ರೇ ಕೊಳವೆ ಹಾಕಿದ ಮೇಲೆ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು. ಆಸ್ಪತ್ರೆಗೆ ಹೋದ ಯಂತ್ರ ಪ್ರತಿ ಕೋನದಲ್ಲಿ 160 ಅಳತೆಯಂತೆ 180 ಕೋನಗಳಿಂದ 28,800 ಅಳತೆ ತೆಗೆಯುತ್ತಿತ್ತು. ಚಿತ್ರದಲ್ಲಿ 80 ಅಡ್ಡಸಾಲು, 80 ಕಂಬಸಾಲು. ಕಂಡುಹಿಡಿಯಬೇಕಾದ ಅಜ್ಞಾತಗಳು 6,400.

ಈಗ ಬೆಂಗಳೂರಿಗೆ ಬರೋಣ.

ರಾಮಚಂದ್ರನ್ 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಸಿ.ವಿ. ರಾಮನ್ ಅವರನ್ನು ಭೌತವಿಜ್ಞಾನಕ್ಕೆ ಎಳೆದುಕೊಂಡರು. ಮುಂದೆ ಮದ್ರಾಸಿನಲ್ಲಿದ್ದಾಗ ಕೊಲಾಜೆನ್ ಪ್ರೋಟೀನಿನ ಮೂರೆಳೆಯ ಸುರುಳಿ ರಚನೆಯನ್ನು ಅವರು ಬಿಡಿಸಿದರು. ಪ್ರೋಟೀನುಗಳು ಯಾವ ಕೋನಗಳಲ್ಲಿ ಬಾಗಬಲ್ಲವು, ಯಾವುದರಲ್ಲಿ ಬಾಗಲಾರವು ಎಂದು ತೋರಿಸುವ 1963ರ ‘ರಾಮಚಂದ್ರನ್ ನಕ್ಷೆ’ ಇಂದಿಗೂ ಜೀವರಸಾಯನದ ಪ್ರತಿ ಪಠ್ಯಪುಸ್ತಕದಲ್ಲಿದೆ. 1970ರ ಆಸುಪಾಸಿನಲ್ಲಿ ಅವರು ಬೆಂಗಳೂರಿಗೆ ಮರಳಿ ಮಾಲಿಕ್ಯುಲಾರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಹರಳುಗಳ ಎಕ್ಸ್-ರೇ ಚಿತ್ರಗಳಿಂದ ಅಣುಗಳ ರಚನೆ ಬಿಡಿಸುವುದೇ ಅವರ ಜೀವಮಾನದ ಕಸುಬು. ಆ ಕಸುಬಿನ ಮುಖ್ಯ ಸಲಕರಣೆ ಫೋರಿಯೆ ರೂಪಾಂತರ: ಯಾವುದೇ ಆಕಾರವನ್ನು ಬಗೆಬಗೆಯ ಆವರ್ತನದ ಅಲೆಗಳ ಮೊತ್ತವಾಗಿ ಒಡೆದು ನೋಡುವ ಗಣಿತ. ಅದನ್ನು ಅಷ್ಟು ಆಳವಾಗಿ ಬಲ್ಲವರೇ, ಇಲ್ಲಿ ಅದು ಬೇಡ ಎಂದರು.

ಏಕೆ ಬೇಡ? ಪ್ರತಿ ನೆರಳಿನ ಫೋರಿಯೆ ರೂಪ ತೆಗೆದರೆ ವಸ್ತುವಿನ ಫೋರಿಯೆ ರೂಪದ ಒಂದು ಗೆರೆ ಸಿಗುತ್ತದೆ. ಎಲ್ಲ ಕೋನಗಳ ಗೆರೆಗಳೂ ಒಂದೇ ನಡುಬಿಂದುವಿನಿಂದ ಸುತ್ತಲೂ ಚಾಚುತ್ತವೆ. ನಡುವೆ ಗೆರೆಗಳು ಒತ್ತಾಗಿ, ಹೊರಗೆ ಹೋದಂತೆ ವಿರಳ. ಕಂಪ್ಯೂಟರಿಗೆ ಬೇಕಾದದ್ದು ಚೌಕುಳಿ ಜಾಲ. ಒಂದರಿಂದ ಇನ್ನೊಂದಕ್ಕೆ ದಾಟಿಸುವಾಗ ನಡುವಿನ ಬೆಲೆಗಳನ್ನು ಅಂದಾಜಿಸಬೇಕು, ಆ ಅಂದಾಜಿನ ತಪ್ಪು ಚಿತ್ರದ ತುಂಬ ಹರಡುತ್ತದೆ. ಇನ್ನೊಂದು ದಾರಿ, ನೆರಳುಗಳನ್ನು ಬಂದ ದಿಕ್ಕಿಗೇ ವಾಪಸು ಹರಡಿ ಒಂದರ ಮೇಲೊಂದು ಕೂಡಿಸುವುದು. ಇದು ಸುಲಭ. ಆದರೆ ಪ್ರತಿ ಚುಕ್ಕೆಯ ಸುತ್ತ ಮಬ್ಬು ಉಳಿಯುತ್ತದೆ, ಚಿತ್ರವೆಲ್ಲ ಒದ್ದೆ ಶಾಯಿಯ ಮೇಲೆ ಕೈ ಸವರಿದಂತಾಗುತ್ತದೆ.

ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಮಾಡಿದ್ದು ಇದು: ವಾಪಸು ಹರಡುವ ಮೊದಲೇ ಪ್ರತಿ ನೆರಳನ್ನೂ ತಿದ್ದಿಬಿಡುವುದು. ನೆರಳಿನ ಪ್ರತಿ ಅಳತೆಯ ಜಾಗದಲ್ಲಿ ಅದರದೂ ಅದರ ನೆರೆಹೊರೆಯವುಗಳದೂ ಒಂದು ತೂಕದ ಮೊತ್ತವನ್ನು ಇಡಬೇಕು. ಗಣಿತದಲ್ಲಿ ಇದಕ್ಕೆ ಕನ್ವೊಲ್ಯೂಷನ್ ಎನ್ನುತ್ತಾರೆ. ತೂಕಗಳು ಇವು. ಅಳತೆಗಳ ನಡುವಿನ ಅಂತರ 1 ಎಂದಿಟ್ಟುಕೊಂಡರೆ, ನಡುವಿನ ಅಳತೆಗೆ 1/4. ಎಡಬಲದ ಮೊದಲ ನೆರೆಗೆ ಋಣ 1/π², ಅಂದರೆ ಸುಮಾರು -0.1013. ಎರಡನೆಯದಕ್ಕೆ ಸೊನ್ನೆ. ಮೂರನೆಯದಕ್ಕೆ ಮೊದಲ ನೆರೆಯ ಒಂಬತ್ತನೇ ಒಂದು ಪಾಲು, -0.0113. ನಾಲ್ಕನೆಯದಕ್ಕೆ ಮತ್ತೆ ಸೊನ್ನೆ. ಐದನೆಯದಕ್ಕೆ ಇಪ್ಪತ್ತೈದನೇ ಒಂದು ಪಾಲು. ಸಮಸಂಖ್ಯೆಯ ನೆರೆಗಳೆಲ್ಲ ಸೊನ್ನೆ, ಬೆಸಸಂಖ್ಯೆಯವೆಲ್ಲ ಋಣ.

ಇವನ್ನೆಲ್ಲ ಕೂಡಿಸಿ ನೋಡುವುದರಲ್ಲಿ ಒಂದು ಸುಖವಿದೆ. 1 + 1/9 + 1/25 + ... ಎಂಬ ಕೊನೆಯಿಲ್ಲದ ಸರಣಿಯ ಮೊತ್ತ π²/8 ಎಂಬುದು ಗಣಿತಜ್ಞ ಆಯ್ಲರ್ ಕಾಲದಿಂದ ಗೊತ್ತಿರುವ ಸಂಗತಿ. ಎಡಬಲ ಎರಡೂ ಕಡೆ ಸೇರಿಸಿ 1/π²ದಿಂದ ಗುಣಿಸಿದರೆ ಬರುವುದು ಸರಿಯಾಗಿ 1/4. ನಡುವಿನ ಧನ ತೂಕವೂ ಸುತ್ತಲಿನ ಋಣ ತೂಕಗಳೂ ಒಂದನ್ನೊಂದು ಪೂರ್ತಿ ವಜಾ ಮಾಡಿಕೊಳ್ಳುತ್ತವೆ. ಹಾಗಾಗಿಯೇ ಎಲ್ಲೆಡೆ ಒಂದೇ ಸಮ ಇರುವ ಮಬ್ಬು ಅಳಿದುಹೋಗುತ್ತದೆ, ಅಂಚುಗಳು ಎದ್ದು ಕಾಣುತ್ತವೆ.

ಕೂಡು, ಗುಣಿಸು, ಹರಡು. ಇಷ್ಟೇ ಕೆಲಸ. ಒಂದು ನೆರಳು ಬಂದ ತಕ್ಷಣ ಅದನ್ನು ತಿದ್ದಿ ಹರಡಿಬಿಡಬಹುದು, ಉಳಿದವು ಬರಲೆಂದು ಕಾಯಬೇಕಿಲ್ಲ. ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಬೇಕಾಗಿಯೂ ಇಲ್ಲ. ಸಣ್ಣ ಕಂಪ್ಯೂಟರಿನ ಕಾಲದಲ್ಲಿ ಇದು ದೊಡ್ಡ ಅನುಕೂಲ. ನ್ಯಾಯವಾಗಿ ಹೇಳಬೇಕೆಂದರೆ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಖಗೋಳವಿಜ್ಞಾನಕ್ಕಾಗಿ ಇದೇ ಬಗೆಯ ಮಾರ್ಗ ಹಿಡಿದಿದ್ದರು. ಆದರೆ ಎಕ್ಸ್-ರೇ ಮತ್ತು ಎಲೆಕ್ಟ್ರಾನ್ ಚಿತ್ರಗಳಿಗೆ ಇದನ್ನು ಹೊಂದಿಸಿ, ಕಂಪ್ಯೂಟರಿಗೆ ನೇರವಾಗಿ ಕೊಡಬಹುದಾದ ತೂಕಗಳ ರೂಪದಲ್ಲಿ ಮುಂದಿಟ್ಟದ್ದು ಬೆಂಗಳೂರಿನ ಪ್ರಬಂಧ. ಕೆಲವೇ ವರ್ಷಗಳಲ್ಲಿ ಸಿ.ಟಿ. ಯಂತ್ರಗಳು ಸಮೀಕರಣದ ದಾರಿ ಬಿಟ್ಟು ಈ ದಾರಿಗೆ ಬಂದವು. 1974ರಲ್ಲಿ ಬೆಲ್ ಲ್ಯಾಬ್ಸ್‌ನ ಶೆಪ್ ಮತ್ತು ಲೋಗನ್ ಆ ತೂಕಗಳನ್ನು ತುಸು ಮೆತ್ತಗೆ ಮಾಡಿ, ಚಿತ್ರದ ಗದ್ದಲವನ್ನು (ನಾಯ್ಸ್) ತಗ್ಗಿಸಿದರು.

1979ರ ವೈದ್ಯಕೀಯ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಇಬ್ಬರಿಗೆ ಹಂಚಿಹೋಯಿತು. ರಾಮಚಂದ್ರನ್ ಅವರಿಗೆ ತಮ್ಮ ಯಾವ ಕೆಲಸಕ್ಕಾಗಿಯೂ ಆ ಗೌರವ ಸಿಗಲಿಲ್ಲ. ಅವರು 2001ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ದಿನವೂ ಬಳಸುವ ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿ ನೆರಳುಗಳಿಂದ ಚಿತ್ರ ಕಟ್ಟುವ ಆದೇಶದ ಹೆಸರು ‘ಐರಾಡೋನ್’. ಬಳಸುವವರು ಬೇರೇನೂ ಹೇಳದಿದ್ದರೆ ಅದು ತಾನಾಗಿ ಆರಿಸಿಕೊಳ್ಳುವ ಸೋಸುವಿಕೆಯ ಹೆಸರು ‘ರಾಮ್-ಲಕ್’. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅವರ ಹೆಸರಿನ ಮೊದಲ ಅಕ್ಷರಗಳು ಅವು. ಬೆಂಗಳೂರಿನಲ್ಲಿ ಅದನ್ನು ಟೈಪು ಮಾಡುವ ಎಷ್ಟೋ ಮಕ್ಕಳಿಗೆ ಆ ಲೆಕ್ಕ ತಮ್ಮದೇ ಊರಿನದು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಸಿ.ಟಿ. ಕೊಡುವುದು ಸೀಳುಗಳನ್ನು. ದೇಹವನ್ನು ಅಡ್ಡಡ್ಡವಾಗಿ ಕತ್ತರಿಸಿ ನೋಡಿದಂಥ ಬೂದು ಚಿತ್ರಗಳು, ಒಂದರ ಕೆಳಗೊಂದು. ರೇಡಿಯಾಲಜಿಸ್ಟ್ ಅವನ್ನು ನೋಡುತ್ತ ನೋಡುತ್ತ ತಲೆಯಲ್ಲೇ ದೇಹ ಕಟ್ಟಿಕೊಳ್ಳಬಲ್ಲರು. ಶಸ್ತ್ರವೈದ್ಯರಿಗೆ ಮೂಳೆಯ ಮೇಲ್ಮೈಯೇ ಬೇಕು. ಈ ಅಂತರವನ್ನು ತುಂಬಿದವರು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ವಿಲಿಯಂ ಲೊರೆನ್ಸನ್ ಮತ್ತು ಹಾರ್ವಿ ಕ್ಲೈನ್. 1987ರಲ್ಲಿ ಅವರು ಪ್ರಕಟಿಸಿದ ‘ಮಾರ್ಚಿಂಗ್ ಕ್ಯೂಬ್ಸ್’ ವಿಧಾನ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲೊಂದು.

ಅಕ್ಕಪಕ್ಕದ ಎರಡು ಸೀಳುಗಳಿಂದ ನಾಲ್ಕು ನಾಲ್ಕು ಬಿಂದುಗಳನ್ನು ಆರಿಸಿಕೊಂಡರೆ ಎಂಟು ಮೂಲೆಗಳ ಒಂದು ಪುಟ್ಟ ಘನವಾಗುತ್ತದೆ. ಪ್ರತಿ ಮೂಲೆಯ ಬೆಲೆ ಮೂಳೆಯ ಮಿತಿಗಿಂತ ಮೇಲೋ ಕೆಳಗೋ ಎಂದು ಕೇಳಿ. ಎಂಟು ಮೂಲೆ, ಎರಡೆರಡು ಉತ್ತರ, ಒಟ್ಟು 256 ಸಾಧ್ಯತೆ. ತಿರುಗಿಸಿದರೆ, ಒಳಹೊರಗು ಅದಲುಬದಲು ಮಾಡಿದರೆ ಒಂದೇ ಆಗುವವನ್ನು ಸೇರಿಸಿದಾಗ ಉಳಿಯುವುದು 15 ಮಾದರಿ. ಪ್ರತಿ ಮಾದರಿಗೂ ಘನದೊಳಗೆ ತ್ರಿಭುಜಗಳನ್ನು ಹೇಗೆ ಹಾಕಬೇಕೆಂದು ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಿರುತ್ತದೆ. ಒಂದು ಅಂಚಿನ ಈ ತುದಿ ಮೂಳೆ, ಆ ತುದಿ ಮಾಂಸ ಎಂದಾದರೆ ಮೇಲ್ಮೈ ಆ ಅಂಚನ್ನು ಎಲ್ಲಿ ದಾಟುತ್ತದೆಂದು ತ್ರೈರಾಶಿಯಿಂದ ಕಂಡುಕೊಳ್ಳಬಹುದು. ಒಂದು ಘನ ಮುಗಿಸಿ ಮುಂದಿನದಕ್ಕೆ ನಡೆಯಬೇಕು. ಎಲ್ಲ ಘನಗಳನ್ನೂ ದಾಟಿದಾಗ ತಲೆಬುರುಡೆ ಲಕ್ಷಾಂತರ ತ್ರಿಭುಜಗಳ ಹೊದಿಕೆಯಾಗಿ ನಿಂತಿರುತ್ತದೆ.

ಪಟ್ಟಿಯಲ್ಲಿ ಒಂದು ತೊಡಕು ಉಳಿದಿತ್ತು. ಘನದ ಒಂದು ಮುಖದಲ್ಲಿ ಎದುರುಬದುರು ಮೂಲೆಗಳೆರಡು ಒಳಗೆ, ಉಳಿದೆರಡು ಹೊರಗೆ ಎಂದಾದಾಗ ತ್ರಿಭುಜಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಪಕ್ಕದ ಘನ ಇನ್ನೊಂದು ಬಗೆಯನ್ನು ಆರಿಸಿಕೊಂಡರೆ ನಡುವೆ ತೂತು ಬೀಳುತ್ತದೆ. 1988ರಲ್ಲೇ ಮಾರ್ಟಿನ್ ಡ್ಯೂರ್ಸ್ಟ್ ಇದನ್ನು ಎತ್ತಿ ತೋರಿಸಿದರು. 1991ರಲ್ಲಿ ನೀಲ್ಸನ್ ಮತ್ತು ಹಾಮನ್ ಯಾವ ಜೋಡಣೆ ಸರಿಯೆಂದು ತೀರ್ಮಾನಿಸುವ ಪರೀಕ್ಷೆ ಕೊಟ್ಟರು. ಪರದೆಯ ಮೇಲೆ ನೋಡುವವರಿಗೆ ಅಂಥ ತೂತು ಕಣ್ಣಿಗೆ ಬೀಳುವುದೇ ಅಪರೂಪ. ಆ ಆಕಾರವನ್ನು ಕೈಯಲ್ಲಿ ಹಿಡಿಯಬೇಕು ಎಂದಾಗ ಮಾತ್ರ ಅದು ದೊಡ್ಡ ತಲೆನೋವಾಗುತ್ತದೆ.

ಆಕಾರವನ್ನು ಕೈಯಲ್ಲಿ ಹಿಡಿಯುವಂತೆ ಕಟ್ಟಿಕೊಡುವ ಯಂತ್ರಗಳೂ ಇದೇ ದಶಕದಲ್ಲಿ ಹುಟ್ಟಿದವು. ಜಪಾನಿನ ನಗೋಯಾ ನಗರದ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದ ಹಿಡೆಯೊ ಕೊಡಾಮಾ ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವರಾಳದಿಂದ ಪದರ ಪದರವಾಗಿ ವಸ್ತು ಕಟ್ಟಿ ತೋರಿಸಿದ್ದರು. 1980ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1981ರಲ್ಲಿ ಪ್ರಬಂಧ ಬರೆದರು. ಮುಂದಿನ ವಿಧಿಗಳು ಪೂರ್ತಿಯಾಗದೆ ಪೇಟೆಂಟ್ ಅವರ ಕೈಗೆ ಬರಲಿಲ್ಲ. ಫ್ರಾನ್ಸಿನಲ್ಲಿ ಮೂವರು 1984ರ ಜುಲೈಯಲ್ಲಿ ಇಂಥದೇ ಅರ್ಜಿ ಹಾಕಿದರು. ವ್ಯಾಪಾರಕ್ಕೆ ಒದಗದೆಂದು ಅವರ ಕಂಪನಿ ಅದನ್ನು ಕೈಬಿಟ್ಟಿತು. ಮೂರು ವಾರ ತಡವಾಗಿ ಅದೇ ವರ್ಷದ ಆಗಸ್ಟ್ 8ರಂದು ಅರ್ಜಿ ಹಾಕಿದ ಅಮೆರಿಕದ ಚಕ್ ಹಲ್ ಅವರಿಗೆ 1986ರ ಮಾರ್ಚ್‌ನಲ್ಲಿ ಪೇಟೆಂಟ್ ಸಿಕ್ಕಿತು. ಕ್ಯಾಲಿಫೋರ್ನಿಯಾದ ಕಂಪನಿಯೊಂದರಲ್ಲಿ ನೇರಳಾತೀತ ಬೆಳಕಿನಿಂದ ಗಟ್ಟಿಯಾಗುವ ಲೇಪನಗಳ ಕೆಲಸದಲ್ಲಿದ್ದ ಹಲ್, 1983ರ ಮಾರ್ಚ್ 9ರ ರಾತ್ರಿ ಕಣ್ಣು ತೊಳೆಯುವ ಪುಟ್ಟ ಬಟ್ಟಲೊಂದನ್ನು ಪದರ ಪದರವಾಗಿ ಕಟ್ಟಿ, ಹೆಂಡತಿಗೆ ಫೋನ್ ಮಾಡಿ ಪ್ರಯೋಗಾಲಯಕ್ಕೆ ಕರೆಸಿ ತೋರಿಸಿದರು. 1995ರಲ್ಲಿ ಬ್ರಿಟನ್ನಿನ ರ‍್ಯಾಂಕ್ ಪ್ರಶಸ್ತಿ ಹಲ್ ಮತ್ತು ಕೊಡಾಮಾ ಇಬ್ಬರಿಗೂ ಸೇರಿ ಬಂದದ್ದು ಒಳ್ಳೆಯದೇ ಆಯಿತು.

ಹಲ್ ಅವರ ತ್ರೀಡಿ ಸಿಸ್ಟಮ್ಸ್ ಕಂಪನಿಗಾಗಿ 1987ರಲ್ಲಿ ರೂಪುಗೊಂಡ ಎಸ್‌ಟಿಎಲ್ ಕಡತವೇ ಇಲ್ಲಿ ಗಣಿತದ ಮಟ್ಟಿಗೆ ಮುಖ್ಯ. ಯಾವ ಆಕಾರವನ್ನಾದರೂ ಅದು ತ್ರಿಭುಜಗಳ ಪಟ್ಟಿಯಾಗಿ ಬರೆಯುತ್ತದೆ: ತ್ರಿಭುಜದ ಹೊರಮುಖ ಯಾವ ಕಡೆಗಿದೆ ಎಂಬ ಮೂರು ಅಂಕಿ, ಮೂರು ಶೃಂಗಗಳಿಗೆ ಮೂರು ಮೂರರಂತೆ ಒಂಬತ್ತು ಅಂಕಿ. ಒಂದು ತ್ರಿಭುಜಕ್ಕೆ 50 ಬೈಟ್. ಅಳತೆ ಮಿಲಿಮೀಟರಿನಲ್ಲಿದೆಯೋ ಇಂಚಿನಲ್ಲಿದೆಯೋ ಎಂಬುದನ್ನೂ ಅದು ಹೇಳುವುದಿಲ್ಲ. ಮಾರ್ಚಿಂಗ್ ಕ್ಯೂಬ್ಸ್ ಕೊಡುವುದೂ ತ್ರಿಭುಜ, ಪ್ರಿಂಟರ್ ಕೇಳುವುದೂ ತ್ರಿಭುಜ. ಎರಡೂ ಅದೇ 1987ರಲ್ಲಿ, ಪರಸ್ಪರ ಸಂಬಂಧವಿಲ್ಲದೆ ಬಂದವು.

ಪ್ರಿಂಟರಿಗೆ ಒಂದೇ ಹಟ: ಹೊದಿಕೆ ನೀರು ಸೋರದಂತೆ ಮುಚ್ಚಿರಬೇಕು. ಪ್ರತಿ ಅಂಚನ್ನೂ ಸರಿಯಾಗಿ ಎರಡು ತ್ರಿಭುಜಗಳು ಹಂಚಿಕೊಳ್ಳಬೇಕು. ಇಲ್ಲಿ ಮತ್ತೆ ಆಯ್ಲರ್ ನೆರವಿಗೆ ಬರುತ್ತಾರೆ. ನಡುವೆ ಸುರಂಗವಿಲ್ಲದ ಮುಚ್ಚಿದ ಆಕಾರದಲ್ಲಿ ಶೃಂಗಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿದರೆ 2 ಬರಲೇಬೇಕು. ಒಂದು ಘನದ ಪ್ರತಿ ಮುಖವನ್ನೂ ಎರಡು ತ್ರಿಭುಜ ಮಾಡಿದರೆ ಶೃಂಗ 8, ಅಂಚು 18, ತ್ರಿಭುಜ 12; 8 - 18 + 12 = 2. ಒಂದು ತ್ರಿಭುಜ ಬಿಟ್ಟುಹೋದರೂ ಲೆಕ್ಕ 1ಕ್ಕೆ ಇಳಿದು ತೂತಿದೆಯೆಂದು ಹೇಳಿಬಿಡುತ್ತದೆ. ಹದಿನೆಂಟನೇ ಶತಮಾನದ ಸೂತ್ರವೊಂದು ರಾಳದ ತೊಟ್ಟಿಯ ಬಾಗಿಲಲ್ಲಿ ಕಾವಲು ಕೂತಿರುವುದು ಹೀಗೆ.

ತ್ರಿಭುಜಗಳ ಹೊದಿಕೆ ಸರಿಯಿದ್ದರೆ ಅದನ್ನು ಮತ್ತೆ ಸೀಳಬೇಕು, ಏಕೆಂದರೆ ಪ್ರಿಂಟರ್ ಕಟ್ಟುವುದು ಪದರಗಳಲ್ಲೇ. 30 ಮಿಲಿಮೀಟರ್ ಎತ್ತರದ ವಸ್ತುವಿಗೆ 0.1 ಮಿಲಿಮೀಟರ್ ಪದರವಾದರೆ 300 ಸೀಳು. ಪ್ರತಿ ಎತ್ತರದಲ್ಲೂ ಯಾವ ತ್ರಿಭುಜಗಳನ್ನು ಸಮತಲ ಕತ್ತರಿಸುತ್ತದೆ, ಅಂಚನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡಬೇಕು. ಅದಕ್ಕೆ ಬೇಕಾದದ್ದೂ ಮಾರ್ಚಿಂಗ್ ಕ್ಯೂಬ್ಸ್‌ನ ಅದೇ ತ್ರೈರಾಶಿ.

ಸ್ಕ್ಯಾನ್ ಮತ್ತು ಮುದ್ರಣ ಎಂಬ ಈ ಎರಡು ತುದಿಗಳು ಆಸ್ಪತ್ರೆಗಳಲ್ಲಿ ಬೇಗ ಸಂಧಿಸಿದವು. 1990ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮ್ಯಾಂಕೊವಿಚ್ ಮತ್ತು ಸಂಗಡಿಗರು ಸಿ.ಟಿ. ಸೀಳುಗಳಿಂದ ರಾಳದ ಅಂಗರಚನಾ ಮಾದರಿ ಮಾಡಿದ ಬಗೆಯನ್ನು ವರದಿ ಮಾಡಿದರು. ಅದೇ ವರ್ಷ ಬೆಲ್ಜಿಯಂನ ಲುವೆನ್‌ನಲ್ಲಿ ಮೆಟೀರಿಯಲೈಸ್ ಎಂಬ ಕಂಪನಿ ಹುಟ್ಟಿತು. ಸ್ಕ್ಯಾನನ್ನು ಮುದ್ರಣಯೋಗ್ಯ ತ್ರಿಭುಜಗಳಾಗಿಸುವ ತಂತ್ರಾಂಶಕ್ಕೆ ಅದು ಹೆಸರಾಯಿತು. ಇಡೀ ಸರಪಳಿಯನ್ನು ಒಂದೇ ಕಡೆ ನೋಡಬೇಕೆಂದರೆ ಟುಟಾಂಖಾಮನ್ ಕಡೆ ತಿರುಗಬೇಕು. 2005ರ ಜನವರಿ 5ರಂದು ಈಜಿಪ್ಟಿನ ರಾಜರ ಕಣಿವೆಯಲ್ಲಿ ಆ ಯುವ ರಾಜನ ಮಮ್ಮಿಯನ್ನು ಸಮಾಧಿಯಿಂದ ಹೊರತಂದು ಸಿ.ಟಿ. ಯಂತ್ರಕ್ಕೆ ಒಡ್ಡಿ ಸುಮಾರು 1,700 ಚಿತ್ರ ತೆಗೆದರು. ಆ ಅಂಕಿಗಳಿಂದಲೇ 2010ರಲ್ಲಿ ಮೆಟೀರಿಯಲೈಸ್ ಕಂಪನಿ ಮಮ್ಮಿಯ ಆಳೆತ್ತರದ ಪ್ರತಿರೂಪವನ್ನು ರಾಳದಲ್ಲಿ ಮುದ್ರಿಸಿತು. ಶಿಲ್ಪಿ ಗ್ಯಾರಿ ಸ್ಟಾಬ್ ಬಣ್ಣ, ಮೇಲ್ಮೈ ತೀಡಿ ಮುಗಿಸಿದರು. ಮುಟ್ಟಿದರೆ ಪುಡಿಯಾಗುವಂಥ ದೇಹಕ್ಕೆ ಯಾರ ಕೈಯೂ ತಗಲದೆ ಅದರ ಅಚ್ಚು ಸಿಕ್ಕಿತು.

ಕಿರಣ ಒಳಹೊಗದ ಅಮೃತಶಿಲೆಗೆ ಬೇರೆ ದಾರಿ ಬೇಕಾಯಿತು. 1998–99ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲೆವೊಯ್ ತಂಡ ಫ್ಲಾರೆನ್ಸ್‌ಗೆ ಹೋಗಿ ಮೈಕೆಲ್ಯಾಂಜೆಲೊ ಕಡೆದ ಡೇವಿಡ್ ಮೂರ್ತಿಯನ್ನು ಲೇಸರ್‌ನಿಂದ ಅಳೆಯಿತು. ಪುಸ್ತಕಗಳಲ್ಲಿ ಮೂರ್ತಿಯ ಎತ್ತರ 4.34 ಮೀಟರ್ ಎಂದಿತ್ತು. ಅಳೆದಾಗ ಅದು 5.17 ಮೀಟರ್. ಹೊತ್ತು ತಂದ ಅಟ್ಟಣೆಯನ್ನು ಅಲ್ಲೇ ಎತ್ತರಿಸಬೇಕಾಯಿತು. ನೂರಾರು ತುಣುಕು ಅಳತೆಗಳನ್ನು ಒಂದಕ್ಕೊಂದು ಹೊಂದಿಸಲು 1992ರಲ್ಲಿ ಬೆಸ್ಲ್ ಮತ್ತು ಮೆಕೆ ವಿವರಿಸಿದ್ದ ವಿಧಾನ ನೆರವಾಯಿತು: ಹತ್ತಿರದ ಬಿಂದುಗಳನ್ನು ಜೋಡಿಮಾಡು, ಜರುಗಿಸು, ಮತ್ತೆ ಜೋಡಿಮಾಡು. ಹೊಂದಿದ ಮೇಲೆ ಮೂರ್ತಿಯ ಒಳಹೊರಗಿನ ಜಾಗದ ಪ್ರತಿ ಬಿಂದುವಿಗೂ ಮೇಲ್ಮೈಯಿಂದ ಇರುವ ದೂರ ಬರೆದು, ಒಳಗೆ ಋಣ, ಹೊರಗೆ ಧನ ಎಂದು ಗುರುತಿಸಿ, ಹಲವು ಅಳತೆಗಳ ಸರಾಸರಿ ತೆಗೆದರು. ಆ ದೂರ ಸೊನ್ನೆಯಾಗುವ ಮೇಲ್ಮೈಯನ್ನು ಹೊರತೆಗೆದದ್ದು ಮತ್ತೆ ಮಾರ್ಚಿಂಗ್ ಕ್ಯೂಬ್ಸ್ ಮಾದರಿಯ ವಿಧಾನವೇ. ಡೇವಿಡ್ ಒಬ್ಬನಿಗೇ ಸುಮಾರು 200 ಕೋಟಿ ಬಹುಭುಜಗಳು.

ಬೆಂಗಳೂರಿನ ತೂಕಗಳ ಪಯಣ ಇಷ್ಟಕ್ಕೆ ನಿಲ್ಲಲಿಲ್ಲ. 1984ರಲ್ಲಿ ಫೋರ್ಡ್ ಕಾರು ಕಂಪನಿಯ ಸಂಶೋಧಕರಾದ ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್ ಶಂಕುವಿನಂತೆ ಹರಡುವ ಕಿರಣದಿಂದ ಇಡೀ ಘನವಸ್ತುವನ್ನು ಒಂದೇ ಸುತ್ತಿನಲ್ಲಿ ಕಟ್ಟುವ ಸೂತ್ರ ಕೊಟ್ಟರು. ಅದರ ಒಳಗೂ ಇರುವುದು ತಿದ್ದಿ ಹರಡುವ ಅದೇ ಹೆಜ್ಜೆ. ಇಂದು ದಂತವೈದ್ಯರಲ್ಲಿ ಮುಖದ ಸುತ್ತ ತಿರುಗುವ ಪುಟ್ಟ ಯಂತ್ರ ನಡೆಯುವುದು ಇದರಿಂದ. ಹೊಸ ಹಲ್ಲಿನ ಬೇರು ಎಲ್ಲಿ, ಎಷ್ಟು ಓರೆಯಾಗಿ ಕೂರಬೇಕೆಂದು ತೋರಿಸುವ ಮಾರ್ಗದರ್ಶಿ ಅಚ್ಚನ್ನು ಆ ಅಳತೆಯಿಂದಲೇ ಮುದ್ರಿಸುತ್ತಾರೆ.

ಇದೆಲ್ಲದರಲ್ಲಿ ಸ್ಕ್ಯಾನ್ ಮಾಡುವ ಗಣಿತವೇ ಬೇರೆ, ಮುದ್ರಿಸುವ ಗಣಿತವೇ ಬೇರೆ ಎಂಬಂತಿತ್ತು. 2019ರಲ್ಲಿ ಅವೆರಡೂ ಒಂದಾದವು. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಬ್ರೆಟ್ ಕೆಲ್ಲಿ, ಇಂದ್ರಸೇನ್ ಭಟ್ಟಾಚಾರ್ಯ, ಹೇಡನ್ ಟೇಲರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪದರಗಳೇ ಇಲ್ಲದ ಪ್ರಿಂಟರ್ ಒಂದನ್ನು ವಿವರಿಸಿದರು. ರಾಳ ತುಂಬಿದ ಗಾಜಿನ ಕೊಳವೆ ತಿರುಗುತ್ತಿರುತ್ತದೆ. ಸಾಮಾನ್ಯ ಪ್ರೊಜೆಕ್ಟರ್ ಒಂದು ಅದರ ಮೇಲೆ ಪ್ರತಿ ಕೋನಕ್ಕೂ ಒಂದು ಚಿತ್ರ ಬಿಡುತ್ತದೆ. ಸಿ.ಟಿ. ಯಂತ್ರ ನೆರಳು ಹಿಡಿದು ದೇಹ ಕಟ್ಟಿದರೆ, ಇಲ್ಲಿ ಬೇಕಾದ ದೇಹದಿಂದ ನೆರಳುಗಳನ್ನು ಲೆಕ್ಕಹಾಕಿ ಬೆಳಕಾಗಿ ವಾಪಸು ಹರಡುತ್ತಾರೆ. ಯಾವ ಬಿಂದುವಿನಲ್ಲಿ ಬೆಳಕಿನ ಮೊತ್ತ ಒಂದು ಮಿತಿ ದಾಟಿತೋ ಅಲ್ಲಿ ರಾಳ ಗಟ್ಟಿಯಾಗುತ್ತದೆ, ಉಳಿದದ್ದು ದ್ರವವಾಗಿಯೇ ಇರುತ್ತದೆ.

ತೊಡಕೊಂದು ಎದುರಾಯಿತು. ಮಬ್ಬು ಕಳೆಯಬೇಕಾದರೆ ಹರಡುವ ಮೊದಲು ರಾಮ್-ಲಕ್ ಬಗೆಯ ತೂಕಗಳಿಂದ ತಿದ್ದಬೇಕು. ತಿದ್ದಿದರೆ ಋಣ ಬೆಲೆಗಳು ಬರುತ್ತವೆ. ಕಂಪ್ಯೂಟರ್ ಋಣವನ್ನು ಕೂಡಬಲ್ಲದು, ಕಳೆಯಬಲ್ಲದು. ಋಣ ಬೆಳಕು ಎಂಬುದು ಲೋಕದಲ್ಲಿ ಇಲ್ಲ. ಗಡ್ಡೆಗೆ ಮಾತ್ರ ಹೆಚ್ಚು ವಿಕಿರಣ ತಲುಪಿಸಿ ಸುತ್ತಲಿನ ಅಂಗಗಳನ್ನು ಕಾಪಾಡುವ ಚಿಕಿತ್ಸೆಯ ಲೆಕ್ಕದಲ್ಲೂ ಇದೇ ತೊಡಕು ಮೊದಲೇ ಬಂದಿತ್ತು. ಕೇಪ್‌ಟೌನ್‌ನ ಆ ಕಾರ್ಮ್ಯಾಕ್ 1987ರಲ್ಲಿ ಸುತ್ತು ತಿರುಗುವ ವಿಕಿರಣ ಚಿಕಿತ್ಸೆಯ ಈ ಗಣಿತದ ಬಗ್ಗೆ ಬರೆದಿದ್ದರು. ಬರ್ಕ್‌ಲಿ ತಂಡ ಋಣ ಬೆಲೆಗಳನ್ನೆಲ್ಲ ಸೊನ್ನೆ ಮಾಡಿ, ಏನು ಮುದ್ರಣವಾದೀತೆಂದು ಲೆಕ್ಕ ಹಾಕಿ, ಬೇಕಾದ ಆಕಾರಕ್ಕೂ ಅದಕ್ಕೂ ಇರುವ ವ್ಯತ್ಯಾಸದಷ್ಟು ನೆರಳುಗಳನ್ನು ಮತ್ತೆ ತಿದ್ದಿ, ಹೀಗೆ ಹಲವು ಸುತ್ತು ಮಾಡಿ ದಾರಿ ಕಂಡುಕೊಂಡಿತು. ರೋಡಿನ್ ಶಿಲ್ಪಿಯ ‘ಚಿಂತಕ’ನ ಪುಟ್ಟ ಪ್ರತಿಮೆಯಂಥ ಸೆಂಟಿಮೀಟರ್ ಅಳತೆಯ ವಸ್ತುಗಳು ಆ ಕೊಳವೆಯೊಳಗೆ ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಒಟ್ಟಿಗೇ ಮೂಡಿಬಂದವು.